ಲಾಕ್‌ಡೌನ್ ಬಂತು, ಕರಾರು ಏನಾಯಿತು?

2020ರ ಜೂನ್ ತಿಂಗಳು. ಬೆಳಗಾವಿ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯ ಆಫೀಸಿನಲ್ಲಿ ಕೂತಿದ್ದೆ. ಅಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮಾಲೀಕರ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು, ಪುಣೆಯ ಗಿರಾಕಿ ಕಳಿಸಿದ ಡೆಬಿಟ್ ನೋಟ್. ಕಾಸ್ಟಿಂಗ್, ಅಂದರೆ ಎರಕದ ಮಾಲು, ತಡವಾಗಿ ಬಂತು ಅಂತ ಬಿಲ್ಲಿನಲ್ಲಿ ದಂಡ ಮುರಿದುಕೊಂಡಿದ್ದರು. ಇನ್ನೊಂದು, ಹಣ ಕೊಡಬೇಕಾಗಿದ್ದ ಮತ್ತೊಬ್ಬ ಗಿರಾಕಿಯ ಉತ್ತರ. ಕೊರೋನಾ ಇದೆ, ಸದ್ಯ ಪೇಮೆಂಟ್ ಆಗುವುದಿಲ್ಲ ಅಂತ ಒಂದೇ ಸಾಲು.

ಮೊದಲನೆಯದನ್ನು ಟೇಬಲ್ ಮೇಲಿಟ್ಟು ಮಾಲೀಕರು ಕೇಳಿದರು: "ಸರ್ಕಾರನ ಬಂದ್ ಮಾಡಿದ್ರ ನಾ ಹ್ಯಾಂಗ ಮಾಲ್ ಕಳಸ್ಲಿ?" ಎರಡನೆಯದನ್ನು ಇಟ್ಟು ಕೇಳಿದರು: "ಕೊರೋನಾ ಆದ್ರೇನು, ರೊಕ್ಕ ಕೊಡಬಾರದೇನು?"

ಎರಡೂ ಮಾತು ಒಂದೇ ಬಾಯಿಂದ ಬಂದವು. ಆದರೂ ಎರಡರಲ್ಲೂ ನ್ಯಾಯ ಇತ್ತು. ಅದು ಹೇಗೆ ಅಂತ ತಿಳಿಯಲು ಅವತ್ತಿನಿಂದ ಕರಾರು ಕಾಯ್ದೆ ಓದಲು ಕೂತೆ. ನಾನು ವಕೀಲ ಅಲ್ಲ. ವಕೀಲರನ್ನು ಕೇಳಿ, ತೀರ್ಪುಗಳನ್ನು ಓದಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬನಹಟ್ಟಿಯ ಮಗ್ಗದವರು, ತಿಕೋಟಾದ ಒಣದ್ರಾಕ್ಷಿ ಬೆಳೆಗಾರರು, ಇಳಕಲ್ಲಿನ ಸೀರೆ ವ್ಯಾಪಾರಿಗಳು, ಎಲ್ಲರೂ ಆ ಎರಡು ವರ್ಷ ಇದೇ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಕೊಂಡಿದ್ದರು. ಬಹಳ ಜನ ತಮಗೆ ಹಕ್ಕಿದ್ದ ಹಣವನ್ನು ಸುಮ್ನೆ ಬಿಟ್ಟರು. ಅದನ್ನು ಕಣ್ಣಾರೆ ನೋಡಿದ್ದೇನೆ. ಇವತ್ತಿಗೂ ಬೇಸರವಾಗುತ್ತದೆ.

ಮಹಾಮಾರಿ ಬಂದಿತ್ತು ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕೋರ್ಟಿಗೆ ಅಷ್ಟು ಸಾಲದು. ಅದು ನಿಮ್ಮ ಯಾವ ಕೆಲಸವನ್ನು ನಿಲ್ಲಿಸಿತು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ನಿಲ್ಲಿಸಿತು ಅನ್ನುವುದನ್ನು ಕೋರ್ಟು ಕೇಳುತ್ತದೆ. ಮುಂದಿನದೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ಮೊದಲು ನೋಡಬೇಕಾದದ್ದು ನಿಮ್ಮದೇ ಕಾಗದ. ಪರ್ಚೇಸ್ ಆರ್ಡರ್‌ನ ಹಿಂಬದಿಯಲ್ಲಿ ಇರುವೆ ಸಾಲಿನಂತಹ ಸಣ್ಣ ಅಕ್ಷರಗಳಿರುತ್ತವಲ್ಲ, ಅದರಲ್ಲಿ ಫೋರ್ಸ್ ಮಜೂರ್ ಅನ್ನುವ ಒಂದು ಕಲಂ ಇರಬಹುದು. ಯುದ್ಧ, ಪ್ರವಾಹ, ಬೆಂಕಿ, ರೋಗ, ಸರ್ಕಾರದ ಆದೇಶ, ಹೀಗೆ ನಮ್ಮ ಕೈಮೀರಿದ ಕಾರಣದಿಂದ ಕೆಲಸ ನಿಂತರೆ ಅದಕ್ಕೆ ನಾವು ಹೊಣೆ ಅಲ್ಲ ಅನ್ನುವ ಕಲಂ ಅದು. ಅದರಲ್ಲಿ ಏನಿದೆ ಅನ್ನುವಷ್ಟೇ ಮುಖ್ಯ, ಏನಿಲ್ಲ ಅನ್ನುವುದು. ರೋಗ ಅನ್ನುವ ಪದ ಇಲ್ಲದಿದ್ದರೂ ಸರ್ಕಾರದ ಆದೇಶ ಅನ್ನುವ ಪದ ಇದ್ದರೆ ಲಾಕ್‌ಡೌನ್ ಅದರೊಳಗೆ ಬರುತ್ತದೆ ಅಂತ ವಾದಿಸಬಹುದು. ಹಣ ಕೊಡುವ ಹೊಣೆಗೆ ಈ ರಿಯಾಯಿತಿ ಇಲ್ಲ ಅಂತ ಎಷ್ಟೋ ಕರಾರುಗಳಲ್ಲಿ ಬೇರೆಯಾಗಿ ಬರೆದಿರುತ್ತಾರೆ. ಇನ್ನು, ಕೆಲಸ ನಿಂತ ಇಷ್ಟು ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು ಅಂತಲೂ ಇರುತ್ತದೆ. ನಮ್ಮ ಕಡೆ ಬಹಳ ಜನ ಎಡವಿದ್ದು ಇಲ್ಲೇ. ಫೋನಿನಲ್ಲಿ "ಮಾಲು ತಡ ಆಗ್ತೇತ್ರಿ" ಅಂದರು, ಕಾಗದದಲ್ಲಿ ಬರೆಯಲಿಲ್ಲ.

ಕೇಂದ್ರ ಹಣಕಾಸು ಇಲಾಖೆ 2020ರ ಫೆಬ್ರವರಿ 19ರಂದೇ ಒಂದು ಸುತ್ತೋಲೆ ಹೊರಡಿಸಿತ್ತು. ಆಗ ನಮ್ಮಲ್ಲಿ ಲಾಕ್‌ಡೌನ್ ಇರಲಿಲ್ಲ. ಚೀನಾದಿಂದ ಬರುವ ಸರಕು ನಿಂತ ಕಾರಣಕ್ಕೆ, ಸರ್ಕಾರಿ ಖರೀದಿಯ ಕರಾರುಗಳಲ್ಲಿ ಕೊರೋನಾವನ್ನು ನೈಸರ್ಗಿಕ ವಿಪತ್ತು ಅಂತ ಎಣಿಸಬಹುದು ಅಂತ ಅದು ಹೇಳಿತು. ಅದೇ ಸುತ್ತೋಲೆ ಇನ್ನೊಂದು ಮಾತನ್ನೂ ಹೇಳಿತ್ತು: ಈ ಕಲಂ ನಿಮ್ಮ ಹೊಣೆಯನ್ನು ಪೂರ್ತಿ ಅಳಿಸುವುದಿಲ್ಲ, ಆ ಕಾರಣ ಇರುವಷ್ಟು ದಿನ ತಡೆಹಿಡಿಯುತ್ತದೆ ಅಷ್ಟೆ. ಖಾಸಗಿ ವ್ಯಾಪಾರಕ್ಕೆ ಆ ಸುತ್ತೋಲೆ ನೇರವಾಗಿ ಅನ್ವಯ ಆಗುವುದಿಲ್ಲ. ಆದರೆ ತಡೆಹಿಡಿಯುವುದು ಬೇರೆ, ಅಳಿಸುವುದು ಬೇರೆ ಅನ್ನುವ ಮಾತು ಎಲ್ಲ ಕರಾರಿಗೂ ಸಲ್ಲುತ್ತದೆ.

ಕಾಗದದಲ್ಲಿ ಇಂಥ ಕಲಂ ಇಲ್ಲ, ಅಥವಾ ಕಾಗದವೇ ಇಲ್ಲ ಅಂದರೆ? ಆಗ 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಮಿಗೆ ಹೋಗಬೇಕು. ಕರಾರು ಆದ ಮೇಲೆ ಆ ಕೆಲಸ ಅಸಾಧ್ಯವಾದರೆ, ಅಥವಾ ಕಾನೂನಿಗೆ ವಿರುದ್ಧವಾದರೆ, ಕರಾರು ಶೂನ್ಯವಾಗುತ್ತದೆ ಅನ್ನುತ್ತದೆ ಅದು. ಜೊತೆಗೆ ಕೆಲವು ಉದಾಹರಣೆ ಕೊಡುತ್ತದೆ. ಅದರಲ್ಲಿ ಒಂದನ್ನು ಓದಿದಾಗ ನನಗೆ ಬನಶಂಕರಿ ಜಾತ್ರೆ ನೆನಪಾಯಿತು. ಒಬ್ಬ ನಟ ಆರು ತಿಂಗಳು ನಾಟಕದಲ್ಲಿ ಪಾತ್ರ ಮಾಡುತ್ತೇನೆ ಅಂತ ಮುಂಗಡ ಹಣ ಪಡೆಯುತ್ತಾನೆ. ನಡುನಡುವೆ ಕೆಲವು ದಿನ ಕಾಯಿಲೆ ಬಿದ್ದು ರಂಗಕ್ಕೆ ಬರಲು ಆಗುವುದಿಲ್ಲ. ಆ ಕೆಲವು ದಿನಗಳ ಮಟ್ಟಿಗೆ ಮಾತ್ರ ಕರಾರು ಶೂನ್ಯ. ಉಳಿದ ದಿನಗಳ ಕರಾರು ಹಾಗೇ ಇರುತ್ತದೆ. ಕಂಪನಿ ನಾಟಕ ನೋಡಿ ಬೆಳೆದ ನಮಗೆ ಇದಕ್ಕಿಂತ ಸುಲಭದ ಉದಾಹರಣೆ ಬೇಕಿಲ್ಲ, ಅಲ್ವಾ?

ಅಸಾಧ್ಯ ಅನ್ನುವ ಪದಕ್ಕೆ ಸುಪ್ರೀಂ ಕೋರ್ಟ್ 1954ರಲ್ಲೇ ಅರ್ಥ ಕೊಟ್ಟಿದೆ. ಆ ಕೇಸಿನ ಹೆಸರು ಸತ್ಯಬ್ರತ ಘೋಷ್. ಕೊಲ್ಕತ್ತಾ ಹತ್ತಿರ ಒಂದು ಬಡಾವಣೆ. ಸೈಟು ಕೊಳ್ಳಲು ಜನ ಮುಂಗಡ ಕೊಟ್ಟಿದ್ದರು. ಅಷ್ಟರಲ್ಲಿ ಎರಡನೇ ಮಹಾಯುದ್ಧಕ್ಕಾಗಿ ಸರ್ಕಾರ ಆ ಜಾಗವನ್ನು ವಶಕ್ಕೆ ತೆಗೆದುಕೊಂಡಿತು. ಕರಾರು ಮುಗಿಯಿತು, ಮುಂಗಡ ವಾಪಸ್ ತಗೊಳ್ಳಿ ಅಂದಿತು ಕಂಪನಿ. ಕೋರ್ಟು ಒಪ್ಪಲಿಲ್ಲ. ಕೆಲಸ ಅಕ್ಷರಶಃ ಅಸಾಧ್ಯ ಆಗಬೇಕಿಲ್ಲ, ಕರಾರಿನ ಉದ್ದೇಶವೇ ಬುಡಮೇಲಾದರೂ ಸಾಕು ಅಂತ ಕೋರ್ಟು ಮೊದಲು ಹೇಳಿತು. ಆದರೆ ಇಲ್ಲಿ ಹಾಗೆ ಆಗಿರಲಿಲ್ಲ. ಸರ್ಕಾರ ವಶಪಡಿಸಿಕೊಂಡದ್ದು ತಾತ್ಕಾಲಿಕವಾಗಿ. ರಸ್ತೆ, ಚರಂಡಿ ಇಂಥ ದಿನದೊಳಗೆ ಮುಗಿಸಬೇಕು ಅನ್ನುವ ಗಡುವೂ ಇರಲಿಲ್ಲ. ಹಾಗಾಗಿ ಕರಾರು ಸತ್ತಿರಲಿಲ್ಲ, ಕಾಯುತ್ತಿತ್ತು.

ನಮ್ಮ ಫೌಂಡ್ರಿಯ ಕತೆಯೂ ಇದೇ. ಮಾರ್ಚ್ 25ರಿಂದ ಕೆಲಸ ನಿಂತಿತು, ಮೇ ತಿಂಗಳಲ್ಲಿ ಮತ್ತೆ ಶುರುವಾಯಿತು. ಟ್ರ್ಯಾಕ್ಟರಿಗೆ ಬೇಕಾದ ಕಾಸ್ಟಿಂಗ್ ಮೇ ತಿಂಗಳಲ್ಲಿ ಬಂದರೂ ಕೆಲಸಕ್ಕೆ ಬರುತ್ತದೆ. ಹಾಗಾಗಿ ಕರಾರು ಸತ್ತಿರಲಿಲ್ಲ. ಆ ದಿನಗಳ ತಡಕ್ಕೆ ದಂಡ ಹಾಕಬಹುದೇ ಅನ್ನುವುದಷ್ಟೇ ಜಗಳ.

ಮದುವೆಯ ಕತೆ ಹಾಗಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ನಮ್ಮ ಮನೆಯಲ್ಲೇ ನಡೆದದ್ದು.

2020ರ ಏಪ್ರಿಲ್ 26 ಅಕ್ಷಯ ತೃತೀಯ. ಬಸವ ಜಯಂತಿಯೂ ಅವತ್ತೇ. ನಮ್ಮ ಕಡೆ ಆ ದಿನ ಎಷ್ಟು ಮದುವೆ ಇರುತ್ತವೆ ಅಂತ ಹೇಳಬೇಕಿಲ್ಲ. ನನ್ನ ತಂಗಿಯ ಮದುವೆಯೂ ಅವತ್ತಿಗೇ ಗೊತ್ತಾಗಿತ್ತು, ವಿಜಯಪುರದ ಒಂದು ಮಂಗಲ ಕಾರ್ಯಾಲಯದಲ್ಲಿ. ನಲವತ್ತು ಸಾವಿರ ಅಡ್ವಾನ್ಸ್ ಕೊಟ್ಟಿದ್ದೆವು. ಆ ಹೊತ್ತಿಗೆ ಲಾಕ್‌ಡೌನ್ ಮೇ 3ರವರೆಗೆ ಮುಂದುವರಿದಿತ್ತು. ಕಾರ್ಯಾಲಯಕ್ಕೆ ಬೀಗ. ಮನೆಯ ಪಡಸಾಲೆಯಲ್ಲೇ ಅಕ್ಷತೆ ಹಾಕಿದೆವು. ಆಮೇಲೆ ಅಡ್ವಾನ್ಸ್ ಕೇಳಲು ಅಪ್ಪ ಹೋದರೆ, "ಅಡ್ವಾನ್ಸ್ ವಾಪಸ್ ಕೊಡೂ ಪದ್ಧತಿ ಇಲ್ರಿ ಕಾಕಾ" ಅಂದರು. ಅಪ್ಪ ಸುಮ್ಮನೆ ಬಂದರು. ಅವರದ್ದೂ ಕಷ್ಟ ಇದೆ ಬಿಡು ಅಂದರು.

ಇಲ್ಲಿ ಕರಾರಿನ ಜೀವ ಇದ್ದದ್ದು ಆ ತಾರೀಖಿನಲ್ಲಿ. ಮದುವೆ ಮುಗಿದ ಮೇಲೆ ಜೂನ್ ತಿಂಗಳಲ್ಲಿ ಹಾಲ್ ಕೊಡುತ್ತೇವೆ ಅಂದರೆ ಏನು ಮಾಡುವುದು? ಇಂಗ್ಲೆಂಡಿನಲ್ಲಿ ಇಂಥದೇ ಒಂದು ಹಳೆಯ ಕೇಸು ಇದೆ. 1902ರ ಜೂನ್‌ನಲ್ಲಿ ಏಳನೇ ಎಡ್ವರ್ಡ್ ರಾಜನ ಪಟ್ಟಾಭಿಷೇಕ ಇತ್ತು. ಮೆರವಣಿಗೆ ನೋಡಲು ಹೆನ್ರಿ ಅನ್ನುವವನು ಲಂಡನ್ನಿನ ಪಾಲ್ ಮಾಲ್ ರಸ್ತೆಯಲ್ಲಿ ಎರಡು ಹಗಲಿಗೆ ಮನೆ ಬಾಡಿಗೆ ಹಿಡಿದ. ಬಾಡಿಗೆ 75 ಪೌಂಡ್. 25 ಪೌಂಡ್ ಮುಂಗಡ ಕೊಟ್ಟ. ರಾಜನಿಗೆ ಅಪೆಂಡಿಕ್ಸ್ ಆಗಿ ಮೆರವಣಿಗೆ ನಿಂತಿತು. ಮನೆ ಇದ್ದಲ್ಲೇ ಇತ್ತು, ಕಿಟಕಿಯೂ ಇತ್ತು, ನೋಡಲು ಮೆರವಣಿಗೆ ಇರಲಿಲ್ಲ. ಉಳಿದ 50 ಪೌಂಡ್ ಕೊಡಬೇಕಿಲ್ಲ ಅಂತ 1903ರಲ್ಲಿ ತೀರ್ಪು ಬಂತು.

ಆದರೆ ಕೊಟ್ಟಾಗಿದ್ದ ಮುಂಗಡ? ಅದನ್ನು ವಾಪಸ್ ಕೇಳುವಂತಿಲ್ಲ ಅನ್ನುವುದು ಆಗಿನ ಇಂಗ್ಲಿಷ್ ಕಾನೂನು. ಅವರು ಕಾಯ್ದೆ ಮಾಡಿ ಅದನ್ನು ಸರಿಪಡಿಸಿಕೊಂಡದ್ದು 1943ರಲ್ಲಿ. ನಮ್ಮಲ್ಲಿ 1872ರಿಂದಲೇ 65ನೇ ಕಲಂ ಇದೆ. ಕರಾರು ಶೂನ್ಯವಾದರೆ, ಅದರಿಂದ ಯಾರು ಏನು ಪಡೆದಿದ್ದಾರೋ ಅದನ್ನು ಹಿಂತಿರುಗಿಸಬೇಕು. ಅಲ್ಲಿಯೂ ಒಂದು ಉದಾಹರಣೆ ಇದೆ. ಸಂಗೀತ ಕಛೇರಿಯಲ್ಲಿ ಹಾಡಲು ಒಬ್ಬ ಗಾಯಕ ಸಾವಿರ ರೂಪಾಯಿ ಮುಂಗಡ ಪಡೆದ, ಕಾಯಿಲೆ ಬಿದ್ದು ಹಾಡಲಾಗಲಿಲ್ಲ. ಕಛೇರಿ ನಡೆಸುವವನಿಗೆ ತಪ್ಪಿದ ಲಾಭವನ್ನು ಅವನು ತುಂಬಿಕೊಡಬೇಕಿಲ್ಲ. ಆದರೆ ಆ ಸಾವಿರ ರೂಪಾಯಿ ವಾಪಸ್ ಕೊಡಲೇಬೇಕು.

ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾಪಸ್ ಕೊಡುವ ಪದ್ಧತಿ ಇಲ್ಲ ಅನ್ನುವ ಒಂದು ಮಾತಿಗೆ ಎಷ್ಟು ಮನೆಗಳವರು ಹಾಗೇ ಎದ್ದು ಬಂದರೋ. ಕಾರ್ಯಾಲಯದವರಿಗೂ ಖರ್ಚು ಆಗಿತ್ತು, ನಿಜ. ಅಂಥ ಖರ್ಚನ್ನು ಕಳೆದುಕೊಳ್ಳಬಹುದು ಅಂತ ಇಂಗ್ಲೆಂಡಿನ 1943ರ ಕಾಯ್ದೆಯಲ್ಲಿ ಬರೆದಿದ್ದಾರೆ. ನಮ್ಮ 65ರಲ್ಲಿ ಆ ಮಾತು ಬರೆದಿಲ್ಲ. ಒಂದು ಎಚ್ಚರಿಕೆ: ರಸೀದಿಯಲ್ಲೇ ಇಂಥ ಸಂದರ್ಭದಲ್ಲಿ ಏನು ಮಾಡಬೇಕು ಅಂತ ಬರೆದಿದ್ದರೆ ಮೊದಲು ಆ ಮಾತು ನಡೆಯುತ್ತದೆ. ಬೇರೆ ತಾರೀಖಿಗೆ ನೀವೇ ಒಪ್ಪಿಕೊಂಡಿದ್ದರೆ ಕರಾರು ಮುಂದುವರಿದಿದೆ ಅಂತಲೇ ಅರ್ಥ.

ಇನ್ನು ರೇಟಿನ ವಿಷಯ. ಲಾಕ್‌ಡೌನ್ ನಂತರ ಪಿಗ್ ಐರನ್, ಸ್ಕ್ರ್ಯಾಪ್, ನೂಲು, ಎಲ್ಲದರ ರೇಟು ಏರಿತು. ಹಳೆಯ ರೇಟಿಗೆ ಒಪ್ಪಿಕೊಂಡವರು ಒದ್ದಾಡಿದರು. ನಷ್ಟ ಆಗುತ್ತದೆ, ಆದ್ದರಿಂದ ಕರಾರು ಅಸಾಧ್ಯ ಅನ್ನಬಹುದೇ? ಇಲ್ಲ. ಸುಪ್ರೀಂ ಕೋರ್ಟ್ ಇದನ್ನು 1960ರಲ್ಲೇ ಹೇಳಿದೆ, ಸೈನ್ಯಕ್ಕೆ ತುಪ್ಪ ಒದಗಿಸುತ್ತಿದ್ದ ಅಲೋಪಿ ಪ್ರಸಾದ್ ಅನ್ನುವವರ ಕೇಸಿನಲ್ಲಿ. ಯುದ್ಧದಿಂದ ಪರಿಸ್ಥಿತಿ ಬದಲಾಯಿತು, ಒಪ್ಪಿದ ರೇಟಿಗಿಂತ ಹೆಚ್ಚು ಕೊಡಿ ಅಂತ ಅವರು ಕೇಳಿದ್ದರು. 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಇಂಡೋನೇಷ್ಯಾದ ಕಲ್ಲಿದ್ದಲಿನ ಬೆಲೆ ಏರಿದ್ದಕ್ಕೂ ಅದೇ ಉತ್ತರ. ಕಷ್ಟ ಜಾಸ್ತಿಯಾಯಿತು ಅಂದರೆ ಕೆಲಸ ಅಸಾಧ್ಯ ಆಯಿತು ಅಂತಲ್ಲ. ಈ ನಿಯಮ ನನಗೆ ಕಠೋರ ಅನ್ನಿಸುತ್ತದೆ. ಹತ್ತು ಮಗ್ಗದ ಮಾಲೀಕನಿಗೂ ಸಾವಿರ ಕೋಟಿಯ ಕಂಪನಿಗೂ ಒಂದೇ ಅಳತೆ. ಆದರೆ ಕಾನೂನು ಇರುವುದು ಹಾಗೆ. ಕಚ್ಚಾ ಮಾಲಿನ ರೇಟು ಇಷ್ಟು ಏರಿದರೆ ನಮ್ಮ ರೇಟೂ ಇಷ್ಟು ಏರಬೇಕು ಅಂತ ಆರ್ಡರ್‌ನಲ್ಲಿ ಮೊದಲೇ ಬರೆಸಿದ್ದವರು ಮಾತ್ರ ಉಳಿದುಕೊಂಡರು.

ಈಗ ಕಾರಣದ ಪ್ರಶ್ನೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ನೀವು ತಪ್ಪಿದ್ದು ಕೊರೋನಾದಿಂದಲೇ, ಅಥವಾ ಮೊದಲೇ ತಪ್ಪಿದ್ದಿರಾ?

2020ರ ಮೇ 29ರಂದು ದೆಹಲಿ ಹೈಕೋರ್ಟ್ ಹ್ಯಾಲಿಬರ್ಟನ್ ಮತ್ತು ವೇದಾಂತ ಕಂಪನಿಗಳ ಜಗಳದಲ್ಲಿ ಆದೇಶ ಕೊಟ್ಟಿತು. ರಾಜಸ್ಥಾನದ ತೈಲ ಕ್ಷೇತ್ರದ ಕೆಲಸ. ಗುತ್ತಿಗೆ ಹಿಡಿದಿದ್ದ ಹ್ಯಾಲಿಬರ್ಟನ್‌ನವರು 2019ರಿಂದಲೇ ಹಿಂದೆ ಬಿದ್ದಿದ್ದರು. ಸರಿಪಡಿಸಿಕೊಳ್ಳಲು ಅವರಿಗೆ ಮತ್ತೆ ಮತ್ತೆ ಅವಕಾಶ ಸಿಕ್ಕಿತ್ತು. ಹಳೆಯ ತಪ್ಪಿಗೆ ಹೊಸ ರೋಗವನ್ನು ನೆಪ ಮಾಡುವಂತಿಲ್ಲ ಅನ್ನುವುದು ಆ ಆದೇಶದ ಸಾರ. ಗುತ್ತಿಗೆದಾರರು ತಪ್ಪಿದರೆ ನಾವು ಹಣ ಕೊಡುತ್ತೇವೆ ಅಂತ ಬ್ಯಾಂಕು ಬರೆದುಕೊಟ್ಟಿರುವ ಬ್ಯಾಂಕ್ ಗ್ಯಾರಂಟಿಯನ್ನು ವೇದಾಂತದವರು ನಗದು ಮಾಡಿಕೊಳ್ಳುವುದನ್ನು ಕೋರ್ಟು ತಡೆಯಲಿಲ್ಲ. ಅದಕ್ಕೂ ಮೊದಲು, ಏಪ್ರಿಲ್ 8ರಂದು, ಬಾಂಬೆ ಹೈಕೋರ್ಟಿಗೆ ಉಕ್ಕು ಆಮದುದಾರರು ಬಂದಿದ್ದರು. ದಕ್ಷಿಣ ಕೊರಿಯಾದಿಂದ ಬಂದ ಮಾಲಿನ ಹಣವನ್ನು ಬ್ಯಾಂಕು ಕೊಡದಂತೆ ತಡೆಯಿರಿ ಅನ್ನುವುದು ಅವರ ಬೇಡಿಕೆ. ಮಾರಿದವರು ತಮ್ಮ ಕೆಲಸ ಮುಗಿಸಿ ಹಡಗಿಗೆ ಹಾಕಿಯಾಗಿದೆ, ಲಾಕ್‌ಡೌನ್ ಕೆಲವು ದಿನದ್ದು, ಉಕ್ಕಿನ ಸಾಗಣೆ ಅಗತ್ಯ ಸೇವೆಯಲ್ಲಿದೆ, ಹಾಗಾಗಿ ತಡೆ ಇಲ್ಲ ಅಂದಿತು ಕೋರ್ಟು.

ಈ ಅಳತೆಯನ್ನು ನಮ್ಮ ಶೆಡ್ಡುಗಳಿಗೆ ಹಿಡಿದು ನೋಡಿ. ನಗರಸಭೆ, ಮಹಾನಗರ ಪಾಲಿಕೆ ಹದ್ದಿನ ಹೊರಗಿರುವ ಗ್ರಾಮೀಣ ಕೈಗಾರಿಕೆಗಳಿಗೆ ಏಪ್ರಿಲ್ 20ರಿಂದಲೇ ಕೇಂದ್ರದ ಅನುಮತಿ ಇತ್ತು. ಒಂದೇ ತರಹದ ಕೆಲಸ ಮಾಡುವ ಎರಡು ಶೆಡ್ಡು, ಒಂದು ಊರೊಳಗೆ, ಒಂದು ಹಳ್ಳಿಯ ಹದ್ದಿನಲ್ಲಿ. ಇಬ್ಬರ ಲೆಕ್ಕ ಬೇರೆ ಬೇರೆ. ಹಳ್ಳಿಯವರು ಏಪ್ರಿಲ್ 20ರ ನಂತರವೂ ನಿಂತಿದ್ದರೆ ಯಾಕೆ ನಿಂತಿದ್ದರು ಅಂತ ತೋರಿಸಬೇಕು. ಕೂಲಿಕಾರರು ಊರಿಗೆ ಹೋಗಿದ್ದರಾ? ಮಹಾರಾಷ್ಟ್ರದ ಗಡಿಯಲ್ಲಿ ಲಾರಿ ನಿಂತಿತ್ತಾ? ಜಿಲ್ಲಾಧಿಕಾರಿ ಆದೇಶದ ಪ್ರತಿ, ಹಾಜರಿ ಪುಸ್ತಕ, ಕರೆಂಟ್ ಬಿಲ್, ಪಾಸ್ ಕೇಳಿ ಬರೆದ ಅರ್ಜಿ, ಇವೇ ಸಾಕ್ಷಿ. ಕುಲುಮೆ ನಿಂತಿತ್ತು ಅನ್ನುವುದಕ್ಕೆ ಕರೆಂಟ್ ಬಿಲ್‌ಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ವಾಟ್ಸ್‌ಆ್ಯಪ್ ಮೆಸೇಜೂ ಸಾಕ್ಷಿ ಆಗುತ್ತದೆ. ಆದರೆ ಅದಕ್ಕೆ ಕಾನೂನು ಕೇಳುವ ಪ್ರಮಾಣಪತ್ರ ಜೊತೆಗೆ ಇರಬೇಕು. ಸ್ಕ್ರೀನ್‌ಶಾಟ್ ತೆಗೆದು ಹಳೆಯ ಫೋನ್ ಮಾರಿದವರು ಆಮೇಲೆ ಪೇಚಾಡಿದರು.

ಬಾಡಿಗೆ ಅಂಗಡಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆಗಲೇ ನಡೆಯುತ್ತಿರುವ ಲೀಸಿಗೆ 56ನೇ ಕಲಂ ಅನ್ವಯ ಇಲ್ಲ ಅಂತ ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ದೆಹಲಿಯ ಖಾನ್ ಮಾರ್ಕೆಟ್‌ನ ಒಬ್ಬ ಬಾಡಿಗೆದಾರರು ಲಾಕ್‌ಡೌನ್ ತಿಂಗಳ ಬಾಡಿಗೆ ತಡೆಹಿಡಿಯಿರಿ ಅಂತ ಕೇಳಿದಾಗ 2020ರ ಮೇ 21ರಂದು ಅಲ್ಲಿನ ಹೈಕೋರ್ಟ್ ಒಪ್ಪಲಿಲ್ಲ. ಕಟ್ಟಲು ಸ್ವಲ್ಪ ಸಮಯ ಮಾತ್ರ ಕೊಟ್ಟಿತು. ಬಾಡಿಗೆ ಕರಾರಿನಲ್ಲೇ ರಿಯಾಯಿತಿಯ ಕಲಂ ಇದ್ದರೆ ಮಾತು ಬೇರೆ.

ಮಾಲೀಕರ ಎರಡನೇ ಕಾಗದಕ್ಕೆ ಬರೋಣ. ಮಾಲು ಪಡೆದಾಗಿದೆ, ಹಣ ಕೊಡಲು ಕೊರೋನಾ ಅಡ್ಡಿ ಅನ್ನುತ್ತಾರೆ. ಹಣ ಕೊಡುವುದು ಅಸಾಧ್ಯ ಆಗುವುದು ಬಹಳ ಅಪರೂಪ. ಬ್ಯಾಂಕುಗಳು ತೆರೆದಿದ್ದವು, ಆನ್‌ಲೈನ್ ವರ್ಗಾವಣೆ ನಡೆಯುತ್ತಿತ್ತು. ಕೈಯಲ್ಲಿ ಹಣ ಇಲ್ಲ ಅನ್ನುವುದು ಕಷ್ಟ, ನಾನು ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಕರಾರನ್ನು ಅಳಿಸುವ ಕಾರಣ ಅದಲ್ಲ. ಆಗ ಇನ್ನೊಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಹಬ್ಬಿತ್ತು: ರಿಸರ್ವ್ ಬ್ಯಾಂಕು ಆಗಸ್ಟ್ ಕೊನೆಯವರೆಗೆ ಕಂತು ಕಟ್ಟಬೇಡಿ ಅಂದಿದೆ, ಹಾಗಾದರೆ ನಿಮ್ಮ ಬಾಕಿಯೂ ಆಮೇಲೆ ಅಂತ. ಆ ಮೊರಟೋರಿಯಂ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ಸಾಲಕ್ಕೆ ಮಾತ್ರ ಇತ್ತು. ವ್ಯಾಪಾರಿಗಳ ನಡುವಿನ ಉದ್ರಿಗೆ ಅದು ಅನ್ವಯವೇ ಆಗಿರಲಿಲ್ಲ.

ಸಣ್ಣ ಉದ್ಯಮದವರ ಕೈಯಲ್ಲಿ 2006ರ ಎಂಎಸ್‌ಎಂಇ ಕಾಯ್ದೆ ಇದೆ. ಮಾಲು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೊಡಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. ಕೌನ್ಸಿಲ್ ತೀರ್ಮಾನವನ್ನು ಪ್ರಶ್ನಿಸಬೇಕಾದರೆ ಕೊಂಡವರು ಮೊದಲು ಶೇಕಡಾ 75ರಷ್ಟು ಹಣ ಕೋರ್ಟಿನಲ್ಲಿ ಇಡಬೇಕು. ಉದ್ಯಮ ನೋಂದಣಿ ಆರ್ಡರ್ ಹಿಡಿಯುವ ಮೊದಲೇ ಮಾಡಿಸಿಟ್ಟುಕೊಳ್ಳಿ. ಆಮೇಲೆ ಮಾಡಿಸಿದ್ದಕ್ಕೆ ಈ ರಕ್ಷಣೆ ಸಿಗುತ್ತದೆಯೇ ಅನ್ನುವುದರ ಮೇಲೆ ಕೋರ್ಟುಗಳಲ್ಲಿ ದೊಡ್ಡ ಜಗಳಗಳೇ ನಡೆದಿವೆ.

ದಿವಾಳಿ ಕಾಯ್ದೆಯ ದಾರಿ ಆಗ ಮುಚ್ಚಿತ್ತು. 2020ರ ಮಾರ್ಚ್ 25ರಿಂದ ಒಂದು ವರ್ಷದ ಒಳಗೆ ಆದ ಬಾಕಿಗೆ ಕಂಪನಿಯನ್ನು ದಿವಾಳಿಗೆ ಎಳೆಯುವ ಅರ್ಜಿ ಹಾಕುವಂತಿಲ್ಲ. ಕನಿಷ್ಠ ಬಾಕಿಯ ಮಿತಿಯನ್ನೂ 1 ಲಕ್ಷದಿಂದ 1 ಕೋಟಿಗೆ ಏರಿಸಿದರು. ಉಳಿದದ್ದು ಕಮರ್ಷಿಯಲ್ ಕೋರ್ಟು. 3 ಲಕ್ಷ ರೂಪಾಯಿ ಮೇಲಿನ ವ್ಯಾಪಾರದ ಜಗಳ ಅಲ್ಲಿಗೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಡ ಅಂದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಮುಂದೆ ಹೈಕೋರ್ಟಿಗೆ ಹೋಗುವುದಾದರೆ ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಕೊನೆಯದು ಗಡುವು. ಬಾಕಿ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ಕೋರ್ಟುಗಳೇ ಮುಚ್ಚಿದ್ದರಿಂದ, 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಸುಪ್ರೀಂ ಕೋರ್ಟ್ ಆದೇಶಿಸಿತು. 2020ರ ಆಗಸ್ಟ್‌ನಲ್ಲಿ ಬರಬೇಕಿದ್ದ ಬಿಲ್ಲಿಗೆ ಮೂರು ವರ್ಷ ಶುರುವಾಗುವುದು 2022ರ ಮಾರ್ಚ್ 1ರಿಂದ. ಅದು 2025ರ ಫೆಬ್ರವರಿ ಕೊನೆಗೆ ಮುಗಿಯಿತು. ಆದರೆ ಗಡುವು ಮುಗಿಯುವ ಮೊದಲು ಸಾಲಗಾರರು ಬಾಕಿ ಇದೆ ಅಂತ ಬರೆದು ಸಹಿ ಮಾಡಿದ್ದರೆ, ಆ ದಿನದಿಂದ ಮತ್ತೆ ಮೂರು ವರ್ಷ. ತಮ್ಮ ಸಹಿಯ ಬರಹದೊಂದಿಗೆ, ಚೆಕ್ಕಿನಲ್ಲಾದರೂ, ಸ್ವಲ್ಪ ಹಣ ಕೊಟ್ಟಿದ್ದರೂ ಹಾಗೆಯೇ. ಹಳೆಯ ಫೈಲು ತೆಗೆದು, ಬಾಕಿ ಇಷ್ಟಿದೆ ಅಂತ ಗಿರಾಕಿ ಒಪ್ಪಿ ಬರೆದ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ಇದೆಯಾ ನೋಡಿ.

ನಮ್ಮ ಮಾಲೀಕರ ಹತ್ತಿರ ಅಂಥ ಒಂದು ಪತ್ರ ಇತ್ತು, ಸಹಿ ಸಮೇತ. ಅದನ್ನು ಜೋಡಿಸಿ ಕೌನ್ಸಿಲ್‌ಗೆ ಹೋಗುತ್ತೇವೆ ಅಂತ ನೋಟಿಸ್ ಕಳಿಸಿದ ಮೇಲೆ ಆ ಗಿರಾಕಿ ಆರು ಕಂತಿನಲ್ಲಿ ಅಸಲು ಕೊಟ್ಟರು. ಬಡ್ಡಿ ಬಿಟ್ಟುಕೊಟ್ಟೆವು. ಪುಣೆಯವರಿಗೆ ಏಪ್ರಿಲ್ ತಿಂಗಳ ಕರೆಂಟ್ ಬಿಲ್ಲು ಮತ್ತು ಆದೇಶದ ಪ್ರತಿ ಕಳಿಸಿದೆವು. ಮಾರ್ಚ್ 25ರ ನಂತರದ ದಿನಗಳ ದಂಡ ವಾಪಸ್ ಬಂತು. ಫೆಬ್ರವರಿಯಲ್ಲೇ ಕಳಿಸಬೇಕಿದ್ದ ಎರಡು ಲಾಟಿನ ದಂಡ ಬರಲಿಲ್ಲ. ಅದನ್ನು ಮಾಲೀಕರೂ ಕೇಳಲಿಲ್ಲ.